ಗುಲಾಬಿಯ ಎಲೆಗೊಂದು ರಮ್ ಕೇಕು

ಮೊನ್ನೆ ಬೆಳಿಗ್ಗೆ ಮುಂಬಯಿ ಬದಿಯ ವಾಶಿಯ ಮಾಲ್ ಒಂದರ ಕೆಳಮಹಡಿಯ ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗಿ ನನ್ನ ಪ್ರಾಯ ಕೇಳಿದಳು. ಕುಶಾಲಿಗೆ ಕೇಳಿದ್ದಲ್ಲ, ಪುರಾವೆ ಸಮೇತ ಕೇಳಿದ್ದು. ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ರಮ್ ಕೇಕು. ಡಬ್ಬಿಯ ಮುಚ್ಚಳ ಒಂದು ಮೂಲೆಯಲ್ಲಿ ಸಡಿಲವಾಗಿ, ಒಣದ್ರಾಕ್ಷಿ ರಮ್ಮಿನಲ್ಲಿ ನೆನೆದ ಆ ವಾಸನೆ ಸಣ್ಣಗೆ ಹೊರಗೆ ಬರುತ್ತಿತ್ತು. ಆ ವಾಸನೆ ಮೂಗಿಗೆ ಬಡಿದ ಮೇಲೆ ನಾನು ಸಾಲಿನಲ್ಲಿ ನಿಂತಿದ್ದರೂ ಮನಸ್ಸು ಎಲ್ಲೋ ಠಾಣೆ ಪೇಟೆಯ ಹಳೆಯ ಬೇಕರಿಯೊಂದರಲ್ಲಿತ್ತು. ಹಾಗಾಗಿ ಅವಳು ಕೇಳಿದ್ದು ಎರಡನೆಯ ಸಲಕ್ಕೆ ನನಗೆ ತಿಳಿಯಿತು.

"ಅಂಕಲ್, ಮಷೀನ್ ಡೇಟ್ ಆಫ್ ಬರ್ತ್ ಮಾಂಗ್ ರಹಾ ಹೈ. ಇಸ್ ಮೇ ಅಲ್ಕೋಹಾಲ್ ಹೈ ನಾ. ಆಧಾರ್ ದಿಖಾವೋ."

ನೀವು ನನ್ನನ್ನು ನೋಡಿಲ್ಲವಾದ್ದರಿಂದ ಹೇಳುತ್ತೇನೆ. ಕೂದಲು ಎಂದು ಕರೆಯಬಹುದಾದದ್ದು ನನಗೆ ಈಗ ಕಿವಿಗಳ ಆಸುಪಾಸಿನಲ್ಲಿ ಮಾತ್ರ ಉಳಿದಿದೆ. ಲೋಕಲ್ ಟ್ರೈನಿನಲ್ಲಿ ಕಾಲೇಜು ಹುಡುಗರು ನನ್ನ ಚಪ್ಪಲಿ ಕಂಡರೆ ಸಾಕು, ಫೋನಿನಿಂದ ತಲೆ ಎತ್ತದೆಯೇ ಸೀಟು ಬಿಡುತ್ತಾರೆ. ರಬಾಳೆಯ ಕಾರ್ಖಾನೆಯ ಸ್ಟೋರಿನಿಂದ ನಿವೃತ್ತನಾದ ಮೇಲೆ ಯಾರೂ ನನ್ನ ಪ್ರಾಯ ಕೇಳಿದ್ದಿಲ್ಲ. ನಿಜ ಹೇಳಬೇಕೆಂದರೆ ಪ್ರಾಯ ಮಾತ್ರವಲ್ಲ, ಈ ಒಂದು ವರ್ಷದಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿದ್ದಿಲ್ಲ. ಕೆಲವು ದಿನ ಸಂಜೆ ಹಾಲಿನವನಿಗೆ 'ಅರ್ಧ ಲೀಟರ್' ಎಂದು ಹೇಳುವಾಗ ದನಿ ಗೊಗ್ಗರಾಗಿ ಹೊರಟು, ಬೆಳಗಿನಿಂದ ಇದೇ ನನ್ನ ಮೊದಲ ಮಾತು ಎಂದು ಗೊತ್ತಾಗುತ್ತದೆ.

"ಅಯ್ಯೋ ಮಾರಾಯ್ತಿ, ನನ್ನ ತಲೆ ನೋಡಿದರೆ ಸಾಕಾಗುದಿಲ್ವಾ?" ಎಂದು ನನ್ನಷ್ಟಕ್ಕೆ ಗೊಣಗಿದೆ.

ಹುಡುಗಿ ಫಕ್ಕನೆ ನಕ್ಕಳು. "ತಲಿ ಸ್ಕ್ಯಾನ್ ಆಗಂಗಿಲ್ರೀ ಅಂಕಲ್" ಎಂದಳು. ಮತ್ತೆ ನಾಚಿಕೆಯಿಂದ, "ನಮ್ಮಪ್ಪ ವಿಜಾಪುರ ಕಡಿಯವ್ರು. ಕನ್ನಡ ತಿಳೀತದ, ಬೋಲ್‌ನೇ ಕೋ ಅಷ್ಟ್ ಬರಂಗಿಲ್ಲ" ಎಂದಳು.

ನನ್ನ ಆಧಾರ್ ಕಾರ್ಡ್ ಮನೆಯ ಕಪಾಟಿನಲ್ಲಿತ್ತು. ಹಿಂದೆ ನಿಂತವರು ನಿಟ್ಟುಸಿರು ಬಿಡತೊಡಗಿದ್ದರು. ಹುಡುಗಿ ಕೇಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಏಕ್ ಮಿನಿಟ್ ಅಂಕಲ್" ಎಂದು ಮುಂದಿನವರ ಬುಟ್ಟಿಗೆ ಕೈ ಹಾಕಿದಳು. ನಾನು ಬದಿಯಲ್ಲಿ ನಿಂತೆ. ಮನೆಗೆ ಹೋಗಿ ಕಾರ್ಡ್ ತರೋಣವೆಂದರೆ ಹೊತ್ತಿರಲಿಲ್ಲ. ಕೇಕು ಬಿಟ್ಟು ಹೋಗೋಣವೆಂದರೆ ಅದು ನನಗೆ ಬೇಕಾದದ್ದಲ್ಲ, ಗುಲಾಬಿಗೆ ಬೇಕಾದದ್ದು. ಗುಲಾಬಿ ನನ್ನ ಹೆಂಡತಿ. ಅವಳು ತೀರಿಕೊಂಡು ಅಂದಿಗೆ ವರ್ಷ ತುಂಬಿತ್ತು, ಮಧ್ಯಾಹ್ನದೊಳಗೆ ಅವಳಿಗೆ ಎಲೆ ಬಡಿಸಬೇಕಿತ್ತು.

ನಮ್ಮ ಕಡೆ, ಉಡುಪಿಯ ಆಚೀಚೆ, ತೀರಿಕೊಂಡವರಿಗೆ ವರ್ಷಕ್ಕೊಮ್ಮೆ ಬಾಳೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಬಡಿಸುವುದೆಂದರೆ ಅನ್ನ ಸಾರು ಮಾತ್ರವಲ್ಲ, ಅವರಿಗೆ ಬದುಕಿದ್ದಾಗ ಯಾವುದರ ಮೇಲೆ ಆಸೆಯಿತ್ತೋ ಅದು ಎಲೆಯಲ್ಲಿ ಇರಲೇಬೇಕು. ನನ್ನ ಅಪ್ಪನ ಎಲೆಯ ಬದಿಯಲ್ಲಿ ಒಂದು ಕುಡ್ತೆ ಕಳ್ಳು, ಒಂದು ಕಟ್ಟು ಬೀಡಿ, ಮರೆಯದೆ ಬೆಂಕಿಪೆಟ್ಟಿಗೆ. ಬಡಿಸಿಯಾದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಬಂದವರು ಸಂಕೋಚವಿಲ್ಲದೆ ಉಂಡು ಹೋಗಲಿ ಎಂದು. ಆಮೇಲೆ ಸಣ್ಣಗೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು.

ಇನ್ನು ಠಾಣೆಯ ಕತೆ. ಮದುವೆಯಾದ ಹೊಸತರಲ್ಲಿ ನಮ್ಮದು ಡೊಂಬಿವಲಿಯಲ್ಲಿ ಒಂದು ಕೋಣೆಯ ಸಂಸಾರ. ಮುಂಬಯಿ ಎಂದರೆ ಕಿಟಕಿ ತೆರೆದರೆ ಸಮುದ್ರ ಎಂದು ಗುಲಾಬಿ ತಿಳಿದಿದ್ದಳು. ಡೊಂಬಿವಲಿಯ ಕಿಟಕಿ ತೆರೆದರೆ ಎದುರು ಮನೆಯವರ ಒಗೆದ ಬಟ್ಟೆ. ಅವಳ ಮುಖ ಸಣ್ಣದಾದದ್ದು ನೋಡಿ ಒಂದು ಭಾನುವಾರ ಠಾಣೆಗೆ ಕರೆದುಕೊಂಡು ಹೋಗಿ ಅಲ್ಲಿಯ ಕೆರೆ ತೋರಿಸಿದೆ. "ಇದು ನಮ್ಮ ಊರಿನ ಕೆರೆಯೇ ಅಲ್ವಾ, ಸುತ್ತ ಐಸ್‌ಕ್ರೀಮ್ ಗಾಡಿ ಉಂಟು ಅಷ್ಟೆ" ಎಂದಳು. ನಾವು ಮನೆಯಲ್ಲಿ ಆಡುತ್ತಿದ್ದುದು ತುಳು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಇಳಿದಿರುತ್ತದೆ, ನೀವೇ ಸೇರಿಸಿಕೊಳ್ಳಿ.

ಕ್ರಿಸ್‌ಮಸ್ಸಿನ ಮೊದಲಿನ ವಾರ ಅದು. ಕೆರೆಯಿಂದ ವಾಪಸು ಬರುವ ದಾರಿಯಲ್ಲಿ ಒಂದು ಹಳೆಯ ಬೇಕರಿ, ಹೊರಗೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ರಮ್ ಕೇಕ್' ಎಂದು ಬರೆದಿತ್ತು. ವಾಸನೆಗೆ ಗುಲಾಬಿಯ ಕಾಲು ಅಲ್ಲಿಯೇ ನಿಂತಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ದಪ್ಪ ಕನ್ನಡಕದ ಮುದುಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಅವಳು ಆಗ ಕಡ್ಡಿಯಂತಿದ್ದಳು, ಎರಡು ಜಡೆ, ಮೇಲಿಂದ ನನ್ನ ಸ್ವೆಟರ್. "ವಯ ಕಿತೀ ಗ ತುಝಂ?" ಎಂದು ಕೇಳಿದ. ಪ್ರಾಯವೆಷ್ಟು ಎಂದು ಕೇಳುತ್ತಿದ್ದಾನೆ, ಕೇಕಿನಲ್ಲಿ ರಮ್ ಇದೆಯಲ್ಲ, ಅದಕ್ಕೆ ಎಂದು ನಾನು ಅವಳಿಗೆ ಹೇಳಿದೆ.

ಗುಲಾಬಿ ಸ್ವೆಟರಿನ ಒಳಗೆ ಕೈ ಹಾಕಿ ಕರಿಮಣಿ ಸರವನ್ನು ಹೊರಗೆಳೆದು ಅವನ ಕನ್ನಡಕದ ಮುಂದೆ ಹಿಡಿದಳು. ಮುದುಕ ಅದನ್ನು ಗಂಭೀರವಾಗಿ ಪರೀಕ್ಷಿಸಿದ. "ಹಾ ಲಗ್ನಾಚಾ ಪುರಾವಾ, ವಯಾಚಾ ನಾಹೀ" ಎಂದ. ಇದು ಮದುವೆಯ ಪುರಾವೆ, ಪ್ರಾಯದ್ದಲ್ಲ. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು. ಬಹಳ ಕಷ್ಟಪಟ್ಟು ಬೆಳೆಸಿದ್ದ ನನ್ನ ಮೀಸೆಯನ್ನು ನೋಡಿ ಅವನಿಗೆ ಇನ್ನಷ್ಟು ಸಂಶಯ ಬಂದಿರಬೇಕು. ಕಡೆಗೆ ಕೇಕು ಕಾಗದದಲ್ಲಿ ಕಟ್ಟಿ ಕೊಟ್ಟ, ಆದರೆ ಅವಳ ಕೈಗೆ ಕೊಟ್ಟ. ನಮ್ಮಿಬ್ಬರಲ್ಲಿ ಪ್ರಾಯಕ್ಕೆ ಬಂದವಳು ಅವಳೇ ಎಂದು ತೀರ್ಮಾನಿಸಿದಂತಿತ್ತು. ಈ ಮಾತನ್ನು ಗುಲಾಬಿ ಬಂದ ನೆಂಟರಿಗೆಲ್ಲ ಹೇಳಿ ನನ್ನ ಮಾನ ಕಳೆದಿದ್ದಾಳೆ.

ಮರುವರ್ಷ ಡಿಸೆಂಬರಿನಲ್ಲಿ ಅವಳೇ ನನ್ನನ್ನು ಎಳೆದುಕೊಂಡು ಹೋದಳು. ಮುದುಕ ಗುರುತು ಹಿಡಿದು, ಮುಖ ಗಂಟು ಹಾಕಿಕೊಂಡು, ಮತ್ತೆ ಅದನ್ನೇ ಕೇಳಿದ. ಅಷ್ಟರಲ್ಲಿ ಇವಳಿಗೆ ಮರಾಠಿ ಬಂದಿತ್ತು. ಹೋದ ವರ್ಷಕ್ಕಿಂತ ಒಂದು ಜಾಸ್ತಿ ಎಂದಳು. ಅಲ್ಲಿಗೆ ಅದೊಂದು ಪದ್ಧತಿಯಾಯಿತು. ನಾವು ಕೋಪರಖೈರಣೆಗೆ ಮನೆ ಬದಲಾಯಿಸಿದ ಮೇಲೂ ವರ್ಷಕ್ಕೊಮ್ಮೆ ಠಾಣೆಗೆ ಹೋಗಿ, ಪ್ರಾಯ ಹೇಳಿ, ಕೇಕು ತರುತ್ತಿದ್ದೆವು. ನಮಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ವರ್ಷ ಅವನು ಕೇಳಿದಾಗ ಗುಲಾಬಿ ಸುಮ್ಮನೆ ನೆಲ ನೋಡಿದಳು. ಮುದುಕ ಎರಡನೆಯ ಸಲ ಕೇಳಲಿಲ್ಲ. ಕೇಕು ಕಟ್ಟುವಾಗ ಇನ್ನೊಂದು ತುಂಡು ಹೆಚ್ಚಿಗೆ ಇಟ್ಟ. ಅವಳ ಕೂದಲು ನೆರೆತ ಮೇಲೂ ಕೇಳುತ್ತಿದ್ದ. ಒಂದು ಡಿಸೆಂಬರಿನಲ್ಲಿ ಹೋಗಿ ನೋಡಿದರೆ ಅಲ್ಲಿ ಮೊಬೈಲಿನ ಕವರು ಮಾರುವ ಅಂಗಡಿ ಬಂದಿತ್ತು.

ರಮ್ಮಿನ ಅಮಲು ಎಷ್ಟಿತ್ತು ಎಂದು ಕೇಳಬೇಡಿ. ಎರಡು ತುಂಡು ತಿಂದು, ಗೋಡೆ ಹಿಡಿದು, "ನನಗೆ ನೆಲ ತಿರುಗ್ತಾ ಉಂಟು" ಎಂದು ನಾಟಕ ಮಾಡುತ್ತಿದ್ದಳು. ಪಾತ್ರೆ ನನ್ನಿಂದ ತೊಳೆಸಲು ಅದೊಂದು ಉಪಾಯ.

ಎಲೆಯ ಮಾತು ಬಂದದ್ದು ಡೊಂಬಿವಲಿಯ ದಿನಗಳಲ್ಲೇ. ಕೇಕು ಮಡಿಲಲ್ಲಿ ಇಟ್ಟುಕೊಂಡು ಠಾಣೆಯಿಂದ ವಾಪಸು ಬರುತ್ತಿದ್ದೆವು. ಟ್ರೈನು ಮುಂಬ್ರಾದ ಗುಡ್ಡ ದಾಟುವಾಗ ಇದ್ದಕ್ಕಿದ್ದಂತೆ ಹೇಳಿದಳು:

"ನಾನು ಸತ್ತರೆ ನನ್ನ ಎಲೆಗೆ ಈ ಕೇಕು ಹಾಕಬೇಕು ಆಯ್ತಾ? ಕಡುಬು, ಕೋಳಿ ಎಲ್ಲರ ಎಲೆಗೂ ಉಂಟು."

"ನೀನೇ ಮೊದಲು ಹೋಗುದು ಅಂತ ಯಾರು ಹೇಳಿದ್ದು?"

"ಹಾಗಾದರೆ ನಿಮ್ಮ ಎಲೆಗೆ ಎಂತ ಹಾಕಬೇಕು, ಹೇಳಿ ನೋಡುವ."

ನಾನು ಯೋಚಿಸಿದೆ. ಡೊಂಬಿವಲಿ ಬರುವವರೆಗೂ ಯೋಚಿಸಿದೆ. ಏನೂ ಹೊಳೆಯಲಿಲ್ಲ.

"ನೋಡಿ, ನಿಮಗೆ ಎಂತ ಬೇಕು ಅಂತ ನಿಮಗೇ ಗೊತ್ತಿಲ್ಲ. ನಿಮಗೆ ಬಡಿಸುದು ಕಷ್ಟ ಮಾರಾಯ್ರೆ. ಅದಕ್ಕೇ ನಾನು ಮೊದಲು ಹೋಗ್ತೇನೆ" ಎಂದಳು. ಹೇಳಿದಂತೆ ಮಾಡಿದಳು.

ವರ್ಷದ ದಿನ ಊರಿನಲ್ಲಿ ಅಣ್ಣನ ಮನೆಯಲ್ಲಿಯೂ ಬಡಿಸುವವರಿದ್ದರು. ಆದರೆ ಅವಳು ಬದುಕಿದ್ದು ಈ ಮನೆಯಲ್ಲಿ, ಇಲ್ಲಿಯೂ ಒಂದು ಎಲೆ ಬೇಡವೇ? ಅತ್ತಿಗೆ ಫೋನಿನಲ್ಲಿ ಎಲ್ಲ ಕ್ರಮ ಹೇಳಿಕೊಟ್ಟರು. ರಮ್ ಕೇಕಿನ ವಿಷಯ ತೆಗೆದಾಗ ಮಾತ್ರ, "ಹೆಂಗಸರ ಎಲೆಗೆ ಅಮಲಿನದ್ದು ಹಾಕ್ತಾರಾ?" ಎಂದರು. ಮತ್ತೆ ತಾವೇ, "ಅವಳು ಹೇಳಿದ್ದು ಹೌದಾದರೆ ಹಾಕು. ಇಲ್ಲದಿದ್ದರೆ ಅವಳು ಕನಸಿನಲ್ಲಿ ಬಂದು ನನಗೆ ಬಯ್ದಾಳು" ಎಂದರು. ಕೋಪರಖೈರಣೆಯ ಬೇಕರಿಗಳಲ್ಲೆಲ್ಲ ಸುತ್ತಿದೆ. ಅಲ್ಲಿಯ ಕೇಕಿಗೆ ಮೊಟ್ಟೆಯನ್ನೇ ಹಾಕುವುದಿಲ್ಲ, ಇನ್ನು ರಮ್ ಎಲ್ಲಿಂದ? ಹಾಗಾಗಿ ವಾಶಿಯ ಈ ಮಾಲ್, ಈ ಹುಡುಗಿ, ಈ ಮಷೀನು.

ಸಾಲು ಸ್ವಲ್ಪ ತೆಳುವಾದಾಗ ಹುಡುಗಿ ನನ್ನ ಕಡೆ ತಿರುಗಿದಳು. "ಯಾರಿಗ್ ತಗೊಂಡೀರಿ ಅಂಕಲ್?"

"ನನ್ನ ಹೆಂಡತಿಗೆ."

"ಮತ್ತ ಆಂಟೀದ್ ಆಧಾರ್ ಐತೇನು? ಯಾರ್ ತಿಂತಾರೋ ಅವರದ್ದು ಚಲೇಗಾ."

ಪಾಕೀಟು ತೆರೆದೆ. ಗುಲಾಬಿಯ ಕಾರ್ಡ್ ಅಲ್ಲಿತ್ತು. ಆಸ್ಪತ್ರೆಯ ಒಂದೊಂದು ಕಿಟಕಿಯಲ್ಲೂ ಕೇಳುತ್ತಾರೆಂದು ಇಟ್ಟುಕೊಂಡದ್ದು, ಆಮೇಲೆ ತೆಗೆದಿಡಲು ಕೈ ಬಂದಿರಲಿಲ್ಲ. ಹುಡುಗಿ ಫೋಟೋ ನೋಡಿದಳು, ಹುಟ್ಟಿದ ದಿನ ಒತ್ತಿದಳು. ಮಷೀನು ಒಮ್ಮೆ ಕೀಂ ಎಂದಿತು. ಪರದೆಯ ಮೇಲೆ ಅವಳ ಪ್ರಾಯ ಬಂತು, ಅರುವತ್ತೊಂದು. ಗುಲಾಬಿ ಅರುವತ್ತಕ್ಕೆ ನಿಂತವಳು. ಮಷೀನಿಗೆ ಅದು ಗೊತ್ತಿರಲಿಲ್ಲ, ಲೆಕ್ಕ ಮುಂದುವರಿಸಿತ್ತು. ನಾನು ತಿದ್ದಲಿಲ್ಲ. ಒಂದು ವರ್ಷ ಅವಳಿಗೆ ಹೆಚ್ಚಿಗೆ ಸಿಕ್ಕಿದ್ದನ್ನು ನೋಡುತ್ತಾ ನಿಂತೆ.

"ಆಂಟಿಗೆ ಹೇಳ್ರಿ, ಫ್ರಿಜ್‌ನ್ಯಾಗ ಇಡಬ್ಯಾಡ್ರಂತ. ಗಟ್ಟಿ ಆಗತದ" ಎಂದಳು ಹುಡುಗಿ.

"ಹೇಳ್ತೇನೆ" ಎಂದೆ.

ಮನೆಗೆ ಬಂದು ಎಲೆ ಹಾಕಿದೆ. ಅನ್ನ ನಾನು ಮಾಡಿದ್ದು, ಕಡುಬು ಮತ್ತು ಕೋಳಿ ಸಾರು ನಮ್ಮ ಕಡೆಯವರ ಹೋಟೆಲಿನದ್ದು. ಕೇಕಿನ ಎರಡು ತುಂಡು ಎಲೆಯ ಬಲಬದಿಗೆ ಇಟ್ಟು, ಫ್ರಿಜ್ಜಿನಲ್ಲಿ ಇಡಬಾರದಂತೆ ಎಂದು ಗಟ್ಟಿಯಾಗಿಯೇ ಹೇಳಿದೆ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಊರಿನಲ್ಲಾದರೆ ಹೊರಗೆ ಎಂದರೆ ಅಂಗಳ, ಹತ್ತು ಜನ, ಮಾತುಕತೆ. ಇಲ್ಲಿ ಹೊರಗೆ ಎಂದರೆ ಲಿಫ್ಟಿನ ಎದುರಿನ ನಾಲ್ಕು ಹೆಜ್ಜೆ ಜಾಗ, ಪಕ್ಕದವರ ಚಪ್ಪಲಿ ಸ್ಟ್ಯಾಂಡು. ನನ್ನ ಮನೆಯ ಮುಚ್ಚಿದ ಬಾಗಿಲಿನ ಎದುರು ನಾನೇ ನಿಂತಿದ್ದೆ. ಒಬ್ಬನೇ ಎಂದರೆ ಏನೆಂದು ಆ ವರ್ಷವಿಡೀ ಗೊತ್ತಿದ್ದರೂ, ಆಗ ಆದಷ್ಟು ಸಂಕಟ ಎಂದೂ ಆಗಿರಲಿಲ್ಲ. ಒಬ್ಬರು ಉಣ್ಣುವಷ್ಟು ಹೊತ್ತು ಕಾಯಬೇಕು ಎಂದಿದ್ದರು ಅತ್ತಿಗೆ. ನನ್ನ ಊಟ ಎಷ್ಟು ಹೊತ್ತಿಗೆ ಮುಗಿಯುತ್ತದೋ ಅಷ್ಟು ಹೊತ್ತು ಅಂದಾಜಿಗೆ ಕಾದು, ಕೀಲಿಕೈ ತೆಗೆದು, ಕೆಮ್ಮಲು ಗಂಟಲು ಸರಿಮಾಡಿಕೊಂಡೆ.

ಪಕ್ಕದ ಮನೆಯ ಬಾಗಿಲು ತೆರೆಯಿತು. ಶುಭಾಂಗಿಬಾಯಿ. ಸೊಲ್ಲಾಪುರ ಕಡೆಯವರು, ಶಾಲೆಯ ಕೆಲಸದಿಂದ ನಿವೃತ್ತರಾದವರು. ನನಗೂ ಅವರಿಗೂ ಲಿಫ್ಟಿನಲ್ಲಿ ತಲೆಯಾಡಿಸುವಷ್ಟೇ ಪರಿಚಯ.

"ಕಾಯ್ ಝಾಲಂ ಕಾಕಾ, ಚಾವೀ ವಿಸರಲಾತ್ ಕಾ?"

ಕೀಲಿಕೈ ನನ್ನ ಕೈಯಲ್ಲೇ ಇತ್ತು, ಮರೆತೆ ಎಂದು ಸುಳ್ಳು ಹೇಳುವಂತಿರಲಿಲ್ಲ. ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಇವತ್ತು ಗುಲಾಬಿಯ ವರ್ಷ, ಒಳಗೆ ಅವಳಿಗೆ ಬಡಿಸಿದ್ದೇನೆ, ಅವಳು ಉಣ್ಣುವವರೆಗೆ ನಾವು ಒಳಗೆ ಹೋಗಬಾರದು, ಈಗ ಮುಗಿದಿರಬೇಕು. ಹೇಳುತ್ತಿದ್ದಂತೆ, ಇವರು ನಗುತ್ತಾರೆ ಎಂದುಕೊಂಡೆ.

ಶುಭಾಂಗಿಬಾಯಿ ನಗಲಿಲ್ಲ. ಕೇಳಿದರು, ಬಡಿಸಿ ಎಷ್ಟು ಹೊತ್ತಾಯಿತು? ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ನನ್ನ ಬಾಗಿಲ ಎದುರು ಹಾಕಿದರು.

"ಕಾಕೂ ಸಾವಕಾಶ ಜೇವತಾತ್. ಥಾಂಬಾ ಅಜೂನ್ ಥೋಡಂ."

ಕಾಕೂ, ಅಂದರೆ ಗುಲಾಬಿ, ನಿಧಾನವಾಗಿ ಉಣ್ಣುತ್ತಾರೆ, ಇನ್ನೂ ಸ್ವಲ್ಪ ತಡೆಯಿರಿ. ಉಣ್ಣುತ್ತಿದ್ದರು ಎನ್ನಲಿಲ್ಲ. ಶಾಲೆಗೆ ರಜೆಯಿದ್ದ ದಿನಗಳಲ್ಲಿ, ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗಬಗಬನೆ ನುಂಗಿ ಏಳುವ ಹೊತ್ತಿಗೆ, ಇವರೂ ಗುಲಾಬಿಯೂ ಬಾಗಿಲು ತೆರೆದಿಟ್ಟುಕೊಂಡು ಎದುರುಬದುರು ಕೂತು ಉಣ್ಣುತ್ತಿದ್ದರಂತೆ. ಇವರು ತಟ್ಟೆ ತೊಳೆದು ಬಂದರೂ ಗುಲಾಬಿಯದ್ದು ಅರ್ಧವೂ ಆಗಿರುತ್ತಿರಲಿಲ್ಲವಂತೆ.

ನಾನು ಕೀಲಿಕೈಯನ್ನು ಮತ್ತೆ ಜೇಬಿಗೆ ಹಾಕಿ ಕುರ್ಚಿಯಲ್ಲಿ ಕೂತೆ. ಅವರೂ ಕೂತರು. ಅವಳದ್ದು ಆಗಲಿ ಎಂದು ಇಬ್ಬರೂ ಕಾದೆವು.