ಗೆದ್ದಲು ತಿಂದ ಪುಟಗಳು

ನನ್ನ ಅತ್ತಿಗೆ ಓದಿ ಹೇಳುತ್ತಿದ್ದ ಪುಸ್ತಕಗಳಿಗೆ ಒಂದು ಬಗೆಯ ಗೆದ್ದಲು ಹಿಡಿಯುತ್ತಿತ್ತು. ಬಹಳ ಜಾಣ ಗೆದ್ದಲು. ಮದುವೆಯೂಟ, ಹೊಳೆಯ ವರ್ಣನೆ, ನಾಯಕಿಯ ಸೀರೆಯ ಅಂಚು, ಇಂಥವನ್ನೆಲ್ಲ ಅದು ಮೂಸಿಯೂ ನೋಡುತ್ತಿರಲಿಲ್ಲ. ಕಥೆಯೊಳಗೆ ಕುರುಡರು ಯಾರಾದರೂ ಬಂದರೆ ಮಾತ್ರ ಅದಕ್ಕೆ ಹಸಿವಾಗುತ್ತಿತ್ತು.

ನನಗೆ ಕಣ್ಣು ಹೋದದ್ದು ಕಾಸರಗೋಡಿನ ಹತ್ತಿರದ ನಮ್ಮೂರಿನಲ್ಲಿ, ನಾಲ್ಕನೇ ಕ್ಲಾಸು ಮುಗಿಸಿದ ವರ್ಷ ಬಂದ ಒಂದು ಜ್ವರದಲ್ಲಿ. ಅಕ್ಷರಗಳ ರೂಪ ತಲೆಯೊಳಗೆ ಉಳಿಯಿತು, ಓದು ಉಳಿಯಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಣ್ಣ ನನ್ನನ್ನು ಕೊಚ್ಚಿಗೆ ಕರೆದುಕೊಂಡು ಬಂದ. ಅವನಿಗೆ ಅಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಫೋರ್ಟ್ ಕೊಚ್ಚಿಯ ಹಳೆಯ ಮನೆಯೊಂದರ ಹಿಂಭಾಗ ನಮ್ಮ ಬಿಡಾರ. ರಾಜ್ಯಗಳು ಭಾಷೆಯ ಪ್ರಕಾರ ಹಂಚಿಹೋಗಿ ನಮ್ಮೂರು ಕೇರಳಕ್ಕೆ ಸೇರಿದ ಹೊಸತು. ಅಣ್ಣ ಅದಕ್ಕಾಗಿ ಬೆಳಿಗ್ಗೆ ಎದ್ದ ಕೂಡಲೇ ಸಿಟ್ಟಾಗುತ್ತಿದ್ದ, ಸಿಟ್ಟು ಇಳಿದ ಮೇಲೆ ಪುಟ್ಟು ಕಡಲೆ ತಿಂದು ಆಫೀಸಿಗೆ ಹೋಗುತ್ತಿದ್ದ.

ಅತ್ತಿಗೆಗೆ ನನಗಿಂತ ಹೆಚ್ಚೆಂದರೆ ಎರಡು ಮೂರು ವರ್ಷ ಜಾಸ್ತಿ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಓದಲು ಕೂರುತ್ತಿದ್ದರು. ನಮ್ಮ ಕಡೆಯ ನಾಲ್ಕಾರು ಮನೆಯವರು ಸೇರಿ ಎರ್ನಾಕುಳಂನಲ್ಲಿ ಒಂದು ಕಪಾಟು ಕನ್ನಡ ಪುಸ್ತಕ ಇಟ್ಟಿದ್ದರು, ಅಣ್ಣ ಬೋಟಿನಲ್ಲಿ ಹೋಗಿ ತರುತ್ತಿದ್ದ. ಆಚೆ ಗೋದಾಮಿನಿಂದ ಒಣಶುಂಠಿಯ ಘಾಟು ಬರುತ್ತಿತ್ತು, ಈಚೆ ಅತ್ತಿಗೆಯ ಸ್ವರ. ಆ ಹೊತ್ತು ಮುಗಿಯದೇ ಇರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದುಂಟು.

ಆದರೆ ನನ್ನ ಕಿವಿ ಕೆಟ್ಟದ್ದು. ಎರಡು ಪುಟ ಒಟ್ಟಿಗೆ ಮಗುಚಿದರೆ ಅದಕ್ಕೆ ತಿಳಿಯುತ್ತದೆ. ಒಂದು ಚಿಕ್ಕ ಕಾದಂಬರಿಯಲ್ಲಿ ಮೊದಲ ಅಧ್ಯಾಯದಲ್ಲೇ ಮನೆಯ ಮಗಳೊಬ್ಬಳು ಬಂದಳು. ಎರಡನೆಯದರಲ್ಲಿ ಅವಳು ಗೋಡೆ ಹಿಡಿದು ನಡೆದಳು. ಆಮೇಲೆ ಪುಣ್ಯಾತ್ಗಿತ್ತಿ ಮಾಯ! ಸತ್ತಳೋ, ಓಡಿಹೋದಳೋ ಯಾರೂ ಹೇಳಲಿಲ್ಲ. ಮನೆಯವರು ಮಾತ್ರ ಕಾರಣವಿಲ್ಲದೆ ಅಳುತ್ತಿದ್ದರು.

"ಅತ್ತಿಗೆ, ಆ ಹುಡುಗಿ ಎಂತ ಆದಳು?"

"ಇಲ್ಲಿ ಗೆದ್ದಲು ತಿಂದಿದೆ ಮಾರಾಯ್ತಿ. ಓದ್ಲಿಕ್ಕೇ ಆಗುದಿಲ್ಲ."

ನನಗೆ ನೋವಾಗಬಾರದೆಂದು ಬಿಡುತ್ತಿದ್ದಾರೆ ಎಂದುಕೊಂಡೆ. ಪ್ರೀತಿಯೇ, ಸರಿ. ಆದರೂ ಮೈ ಉರಿಯುತ್ತಿತ್ತು. ಮಗುವಿಗೆ ಮುಳ್ಳು ತೆಗೆದ ಮೀನು ಕೊಡುತ್ತಾರಲ್ಲ, ಹಾಗೆ ನನಗೆ ಕಥೆ ಕೊಡುತ್ತಿದ್ದರು. ಒಂದು ಪುಸ್ತಕವನ್ನಾದರೂ ಮೊದಲಿನಿಂದ ಕೊನೆಯವರೆಗೆ, ಯಾರ ದಯೆಯೂ ಇಲ್ಲದೆ, ನಾನೇ ಓದಬೇಕು ಎಂಬ ಹಟ ಹುಟ್ಟಿದ್ದು ಆಗ.

ಪಕ್ಕದ ಮನೆಯಲ್ಲಿ ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಒಬ್ಬರು ಇದ್ದರು. ಕುರುಡು ಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದವರು, ಅವರಿಗೂ ಕಣ್ಣಿಲ್ಲ. ಸಂಜೆ ಹೊತ್ತು ನನ್ನನ್ನು ಕೂರಿಸಿಕೊಂಡು ಬ್ರೈಲ್ ಕಲಿಸಿದರು. ಮಲಯಾಳದ್ದು. ಇದನ್ನು ಕಲಿತು ನನಗೇನು ಲಾಭ ಎಂದು ಒಳಗೊಳಗೇ ಗೊಣಗುತ್ತಲೇ ಕಲಿತೆ. ಒಂದು ದಿನ ಅವರು ಕಾಗದದ ಮೇಲೆ ಒಂದು ಪದವನ್ನು ಚುಕ್ಕೆಗಳಲ್ಲಿ ಚುಚ್ಚಿ ಕೊಟ್ಟು, ಓದಿ ಅರ್ಥ ಹೇಳು ಎಂದರು.

"ಪಟ್ಟಿ," ಎಂದೆ. "ಅಂಗಡಿ ಸಾಮಾನಿನದ್ದು ಬರೀತಾರಲ್ಲ, ಅದು."

"ಅಂಗಡಿಯೋ?" ಚೇಚಿಗೆ ನಗು ಬಂತು. "ಪಟ್ಟಿ ಎಂದರೆ ಬೌ ಬೌ, ಮೋಳೇ!"

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೆರಳಿಗೆ ಗೊತ್ತಿರಲಿಲ್ಲ, ಬೆರಳು ಕನ್ನಡದಲ್ಲಿ ಓದಿತ್ತು. ಒಂದೇ ಚುಕ್ಕೆಗಳು ಚೇಚಿಯ ಕೈಯಲ್ಲಿ ಬೊಗಳಿದವು, ನನ್ನ ಕೈಯಲ್ಲಿ ಬೆಲ್ಲ, ಬೇಳೆ ಎಂದವು. ಆಗ ಚೇಚಿ ತೊಡೆ ತಟ್ಟಿಕೊಂಡು, ಈಚೆಗೆ ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಚುಕ್ಕೆಗಳನ್ನು ಗೊತ್ತುಮಾಡಿದ್ದಾರೆ, ನಾನದನ್ನು ನಿನಗೆ ಹೇಳಲೇ ಇಲ್ಲವಲ್ಲ ಎಂದರು. ನನಗೆ ಕನ್ನಡ ಓದಲು ಬರುತ್ತದೆ ಎಂಬ ಸುದ್ದಿ ಹೀಗೆ ಒಂದು ನಾಯಿಯ ದೆಸೆಯಿಂದ ತಿಳಿಯಿತು. ಮನೆಗೆ ಬಂದು ಅತ್ತಿಗೆಯ ಕೊರಳು ತಬ್ಬಿಕೊಂಡು ಅತ್ತೆ.

ಓದಲು ಪುಸ್ತಕ ಬೇಕಲ್ಲ. ತಿರುವನಂತಪುರದ ಒಂದು ದೊಡ್ಡ ಲೈಬ್ರರಿಯಲ್ಲಿ ಬ್ರೈಲ್ ಪುಸ್ತಕ ಇವೆ ಎಂದು ಚೇಚಿ ಹೇಳಿದ್ದರಿಂದ ಅಣ್ಣ ರಜೆ ಹಾಕಿ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಪುಸ್ತಕಗಳು ಮಹಡಿಯ ಮೇಲೆ, ಬೀಗ ಹಾಕಿದ ಬೀರುವಿನಲ್ಲಿದ್ದವು. ಬೀಗ ತೆಗೆಯಲು ಬಹಳ ಹೊತ್ತು ಹಿಡಿಯಿತು, ಬೀಗದ ಕೈ ಎಲ್ಲಿದೆ ಎಂದೇ ಮರೆತುಹೋಗಿತ್ತು. ಲೈಬ್ರೇರಿಯನ್ ಸಾರ್ ಸಂಕೋಚದಿಂದ, ಇದುವರೆಗೆ ಯಾರೂ ಕೇಳಿಕೊಂಡು ಬಂದಿರಲಿಲ್ಲ ಎಂದರು.

ಒಂದರ ಮೇಲೊಂದು ಮಲಗಿಸಿದ್ದ ಪುಸ್ತಕಗಳು. ಅಡಿಯವುಗಳ ಚುಕ್ಕೆ ಭಾರಕ್ಕೆ ಚಪ್ಪಟೆಯಾಗಿತ್ತು. ಬೆನ್ನು ಸವರಿದೆ, ನುಣುಪು.

"ಇದರ ಹೆಸರೆಲ್ಲಿದೆ ಸಾರ್?"

"ಚೀಟಿ ಅಂಟಿಸಿದ್ದೇವಲ್ಲ. ಶಾಯಿಯಲ್ಲಿ ಚೆನ್ನಾಗಿ ಬರೆಸಿದ್ದೇವೆ."

ನನಗೆ ನಾಲಿಗೆ ತಡೆಯಲಾಗಲಿಲ್ಲ. "ಕುರುಡರಿಗೆ ಕಾಣಬೇಕಲ್ಲ, ಅದಕ್ಕೆ ಚೆನ್ನಾಗಿಯೇ ಬರೆಸಬೇಕು," ಎಂದೆ.

ಅಣ್ಣ ನನ್ನ ತೋಳು ಚಿವುಟಿದ. ಆದರೆ ಸಾರ್ ನಕ್ಕ ನಗು ಇಡೀ ಕೋಣೆಗೆ ಕೇಳಿಸಿತು. ಬೇರೆ ಯಾರಾದರೂ ಆಗಿದ್ದರೆ ನಮ್ಮನ್ನು ಹೊರಗೆ ಕಳಿಸುತ್ತಿದ್ದರೋ ಏನೋ. ಅವರು ಕುರ್ಚಿ ಎಳೆದು ಕೂತು, ಹೇಗೆ ಇಡಬೇಕು ಹೇಳು ಎಂದು ಕೇಳಿದರು. ಪುಸ್ತಕಗಳನ್ನು ನಿಲ್ಲಿಸಿ ಇಡಬೇಕು, ಹೆಸರನ್ನು ಚುಚ್ಚಿ ಅಂಟಿಸಬೇಕು, ಬೀರು ಕೆಳಗಿರಬೇಕು ಎಂದೆ. ಕುರುಡರು ಮೆಟ್ಟಿಲು ಹತ್ತುತ್ತಾರೆ ಸಾರ್, ಆದರೆ ಕಾಲಿಲ್ಲದವರು ಬಂದರೆ? ಅವತ್ತೇ ಬೀರು ಕೆಳಗಿಳಿಯಿತು. ನಾನು ಅಲ್ಲೇ ಕೂತು, ಬೀರುವಿನಲ್ಲಿದ್ದ ಬ್ರೈಲ್ ಹಲಗೆಯ ಮೇಲೆ ಅವರು ಹೇಳಿದ ಹೆಸರುಗಳನ್ನು ಚುಚ್ಚಿಕೊಟ್ಟೆ. ಊರ ಹೊರಗಿನವರಿಗೆ ಪುಸ್ತಕ ಕೊಡುವ ಪದ್ಧತಿ ಇರಲಿಲ್ಲ, ಆದರೂ ಸಾರ್ ತಮ್ಮ ಸ್ವಂತ ಹೊಣೆಯ ಮೇಲೆ ಒಂದು ಮಲಯಾಳ ಪುಸ್ತಕ ಕೊಟ್ಟರು. ಅಂಥ ಮನುಷ್ಯರನ್ನು ನೆನೆದು ಉಂಡರೆ ಅನ್ನ ಮೈಗೆ ಹತ್ತುತ್ತದೆ.

ಕನ್ನಡದ್ದು ಮಾತ್ರ ಒಂದೂ ಇರಲಿಲ್ಲ. ಹೊರಡುವಾಗ ಸಾರ್ ಹೇಳಿದರು: "ಯಾರಾದರೂ ಬರೆದು ತಂದುಕೊಟ್ಟರೆ ಇಲ್ಲಿ ಇಡುತ್ತೇನೆ. ನಿನ್ನ ಹಾಗೆ ಇನ್ನೊಬ್ಬರು ಬರಬಹುದಲ್ಲ."

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತಿಗೆ ಕಾಯಿ ತುರಿಯುತ್ತಿದ್ದರು. ತುರಿಯುವುದು ನಿಂತಿತು. "ನಾನು ಬರೀತೇನೆ," ಎಂದರು. "ಆ ಕಾದಂಬರಿಯನ್ನೇ ಬರೀತೇನೆ."

ಯಾವ ಕಾದಂಬರಿ ಎಂದು ನಾನು ಕೇಳಲಿಲ್ಲ. ಗೋಡೆ ಹಿಡಿದು ನಡೆದ ಹುಡುಗಿಯದ್ದು. ಗೆದ್ದಲು ತಿಂದ ಪುಟಗಳಿಗೆ ಏನು ಮಾಡುತ್ತಾರೋ ನೋಡೋಣ ಎಂದುಕೊಂಡೆ.

ಚೇಚಿ ತಮ್ಮದೊಂದು ಬ್ರೈಲ್ ಹಲಗೆ, ಚುಚ್ಚುವ ಮೊಳೆ, ದಪ್ಪ ಕಾಗದ ಕೊಟ್ಟರು. ಯಾವ ಅಕ್ಷರಕ್ಕೆ ಯಾವ ಚುಕ್ಕೆ ಎಂದು ಅತ್ತಿಗೆಗೆ ನಾನೇ ಕಲಿಸಿದೆ. ಹಲಗೆಯ ಮೇಲೆ ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ತಿರುಗಿಸಿ ಚುಚ್ಚಬೇಕು. ಕಾಗದ ಮಗುಚಿದಾಗ ಉಬ್ಬು ಆಚೆ ಬದಿಗೆ ಬಂದು ಎಲ್ಲ ಸರಿಯಾಗುತ್ತದೆ. ಅತ್ತಿಗೆ ಬಲದಿಂದಲೇನೋ ಶುರುಮಾಡಿದರು, ಅಕ್ಷರ ತಿರುಗಿಸಲು ಮರೆತರು. ಮೊದಲ ಪದ ಬರೆದು ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟರು.

"ಭಠಜ," ಎಂದು ಓದಿದೆ.

"ಎಂತದು ಅದು?"

"ನೀವೇ ಹೇಳಬೇಕು. ಸಂಸ್ಕೃತವಾ?"

"ಬರಹ ಅಂತ ಬರೆದದ್ದು ಮಾರಾಯ್ತಿ!"

ಕನ್ನಡಿಯೊಳಗೆ ಬ ಹೋಗಿ ಭ ಆಗುತ್ತದೆ, ರ ಹೋಗಿ ಠ, ಹ ಹೋಗಿ ಜ. ಲ ತಿರುಗಿದರೆ ಳ. ನಮ್ಮಿಬ್ಬರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಅಣ್ಣ ತಡವಾಗಿ ಬಂದ ದಿನ "ನಿಮ್ಮ ಭಠಜ ಎಲ್ಲಿಗೆ ಬಂತು?" ಎಂದೇ ವಿಚಾರಿಸುತ್ತಿದ್ದ. ನಗುವವರು ನಗಲಿ ಎಂದು ಅತ್ತಿಗೆ ಚುಚ್ಚಿದರು. ಒಂದು ಚುಕ್ಕೆ ತಪ್ಪಿದರೆ ಉಗುರಿನಿಂದ ಒತ್ತಿ ಅಳಿಸಿ ಮತ್ತೆ ಚುಚ್ಚಿದರು. ಮಳೆಗಾಲ ಕಳೆಯಿತು, ಓಣಂ ಕಳೆಯಿತು. ಮುಗಿದ ಹಾಳೆಗಳನ್ನು ನಾನು ಬೆರಳಾಡಿಸಿ ತಪ್ಪು ಹುಡುಕುತ್ತಿದ್ದೆ.

ಒಂದು ಮಧ್ಯಾಹ್ನ ಆ ಹುಡುಗಿ ಬಂದಳು. ಗೋಡೆ ಹಿಡಿದು ನಡೆದಳು. ಮುಂದಿನ ಹಾಳೆಯಲ್ಲೂ ಇದ್ದಳು. ಮಾಯವಾಗಲಿಲ್ಲ. ಬಾವಿಕಟ್ಟೆಯಲ್ಲಿ ಅವಳ ಅತ್ತಿಗೆ ನೆರೆಯವಳೊಡನೆ ಮಾತಾಡುತ್ತಿದ್ದಾಳೆ. ನಾನು ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಓದತೊಡಗಿದೆ. "ಈ ಕುರುಡಿಯೊಬ್ಬಳು ಇಲ್ಲದಿದ್ದರೆ ನಾನೂ ಈ ಮನೆಯಲ್ಲಿ ಎಲ್ಲರ ಹಾಗೆ ಸಂಸಾರ ಮಾಡಿಕೊಂಡಿರುತ್ತಿದ್ದೆ. ಇವಳು ಬೇಗ ಹೋದರೆ ಸಾಕು."

ಒಳಗೆ ಅರೆಯುವ ಕಲ್ಲು ನಿಂತಿತು. ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು.

"ನನಗೆ ಬೇಸರ ಆಗ್ತದೆ ಅಂತ ಇದನ್ನು ಬಿಡ್ತಿದ್ದಿರಾ?" ಎಂದು ಕೇಳಿದೆ.

"ಅಲ್ಲ." ಅತ್ತಿಗೆ ಬಾಗಿಲಿನಿಂದಲೇ ಹೇಳಿದರು. "ನೀನು ಬಂದ ಹೊಸತರಲ್ಲಿ ನಾನೂ ಹೀಗೇ ಎಣಿಸಿದ್ದೆ. ಇದೇ ಮಾತು. ಬಾಯಲ್ಲಿ ಓದಿದ್ರೆ ನನ್ನ ಸ್ವರದಲ್ಲೇ ನಿನಗೆ ಗೊತ್ತಾಗ್ತಿತ್ತು."

ಎದೆಗೆ ಚುಚ್ಚಿತು, ಇಲ್ಲ ಎನ್ನಲಾರೆ. ಆ ಸಾಲಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದೆ. ಆಮೇಲೆ ತಿಳಿಯಿತು, ಆ ಮಾತು ನನ್ನ ಬೆರಳಿನ ಕೆಳಗೆ ಒಂದು ಚುಕ್ಕೆಯೂ ತಪ್ಪದೆ ಇದೆ. ಅವರು ಅದನ್ನು ಬಿಟ್ಟು ಮುಂದೆ ಹೋಗಬಹುದಿತ್ತು, ನನಗೆ ಯಾವ ಜನ್ಮದಲ್ಲೂ ಗೊತ್ತಾಗುತ್ತಿರಲಿಲ್ಲ.

"ಈಗಲೂ ಎಣಿಸ್ತೀರಾ?"

"ಈಗ ಎಣಿಸಿದ್ರೆ ಬರೀಲಿಕ್ಕೆ ಆಗ್ತಿತ್ತಾ?"

ನಾನು ಅವರನ್ನು ಹತ್ತಿರ ಕೂರಿಸಿಕೊಂಡು ಆ ಅಧ್ಯಾಯವನ್ನು ಕೊನೆಯವರೆಗೆ ಓದಿದೆ. ಅವರು ಕೇಳಿದರು. ಅವತ್ತು ಸಾರು ಅಡಿ ಹಿಡಿಯಿತು, ಅಣ್ಣ ಅದನ್ನೇ ಉಂಡ.

ಬರೆದು ಮುಗಿದದ್ದು ಮೂರು ದಪ್ಪ ಸಂಪುಟವಾಯಿತು. ತಿರುವನಂತಪುರಕ್ಕೆ ನಾವು ಮೂವರೂ ಹೋದೆವು. ಬೀರು ಕೆಳಗೆ ಬಾಗಿಲ ಹತ್ತಿರವೇ ಇತ್ತು, ಬೀಗವಿರಲಿಲ್ಲ, ಮೇಜಿನಲ್ಲಿ ಯಾರೋ ಒಬ್ಬರು ಬ್ರೈಲ್ ಓದುತ್ತಿದ್ದ ಸರಸರ ಸದ್ದು ಕೇಳಿಸುತ್ತಿತ್ತು. ಸಾರ್ ಸಂಪುಟಗಳನ್ನು ಎರಡು ಕೈಯಲ್ಲೂ ತೆಗೆದುಕೊಂಡರು. ಓದುವವರಿಗೆ ತಿಳಿದಿರಬೇಕು ಎಂದು ಒಂದು ಪ್ರಶ್ನೆ ಕೇಳಿದರು: ಇದು ಮುಳುವನ್ ಉಂಟೋ, ಪೂರ್ತಿ ಇದೆಯೋ, ಇಲ್ಲ ಅಲ್ಲಲ್ಲಿ ಬಿಟ್ಟು ಚಿಕ್ಕದು ಮಾಡಿದ್ದೋ?

ಅಣ್ಣ ಬಾಯಿ ತೆರೆಯುವಷ್ಟರಲ್ಲಿ, ಕೊಚ್ಚಿಗೆ ಬಂದಂದಿನಿಂದ ಪರರೊಡನೆ ಮಲಯಾಳದಲ್ಲಿ ಒಂದು ಮಾತೂ ಆಡದ ಅತ್ತಿಗೆ ಮುಂದೆ ಬಂದು ನನ್ನ ಕೈ ಹಿಡಿದುಕೊಂಡರು.

"ಮುಳುವನ್ ಉಂಟು ಸಾರ್," ಎಂದರು. "ಒಂದಕ್ಷರ ಬಿಡ್ಲಿಲ್ಲ."