ಯುದ್ಧನೌಕೆಗೆ ಹೋದ ತುಕ್ಡಿ

ಎಡ್ವರ್ಡ್ ಕೆಲಸ ಮಾಡುತ್ತಿದ್ದ ಯುದ್ಧನೌಕೆ ಯಾವ ಯುದ್ಧಕ್ಕೂ ಹೋದದ್ದಲ್ಲ. ದುಬೈಯ ಒಂದು ಹೋಟೆಲಿನವರು ಊಟದ ಗಿರಾಕಿಗಳಿಗೆಂದು ಕಟ್ಟಿಸಿದ್ದು. ಇನ್ನೂರೈವತ್ತು ವರ್ಷ ಹಿಂದೆ ಇಂಗ್ಲಿಷರ ಹತ್ತಿರ ಇದ್ದ ಚಿಕ್ಕ ಹಡಗಿನ ನಕಲು. ಸ್ಲೂಪ್ ಅಂತ ಹೆಸರು. ಎರಡು ಫಿರಂಗಿ, ಎರಡೂ ಮರದ್ದು. ಹಾಯಿ ಬಿಚ್ಚುವುದು ಫೋಟೋಕ್ಕೆ, ಓಡುವುದು ಡೀಸೆಲಿನಲ್ಲಿ. ಸಂಜೆ ಕ್ರೀಕಿನಲ್ಲಿ, ಅಂದರೆ ಊರೊಳಗೆ ನುಗ್ಗಿದ ಸಮುದ್ರದ ಹಿನ್ನೀರಿನಲ್ಲಿ, ಆ ತುದಿಗೆ ಹೋಗಿ ಈ ತುದಿಗೆ ಬರುವುದು, ಅಷ್ಟೇ ಅದರ ಸಮುದ್ರಯಾನ.

ಶಿರ್ವದ ಎಡ್ವರ್ಡ್ ಅದರಲ್ಲಿ ಅಡುಗೆಯವನು. ಮಧ್ಯಾಹ್ನವೇ ಹೋಗಿ ಹಿತ್ತಾಳೆ ಗಂಟೆ ತಿಕ್ಕಬೇಕು, ಹಗ್ಗ ಸುತ್ತಿಡಬೇಕು, ಆಮೇಲೆ ಒಲೆ. ಗಿರಾಕಿ ಹತ್ತುವಾಗ ನಾವಿಕರ ಉಣ್ಣೆ ಕೋಟು ಹಾಕಿ ನಿಲ್ಲಬೇಕು. ದುಬೈಯ ಸೆಕೆಗೆ ಉಣ್ಣೆ ಕೋಟು! ಕರಾಮದ ಮನೆಗೆ ಬಂದರೆ ಬೆನ್ನೆಲ್ಲ ಬೆವರುಸಾಲೆ. ಹೆಂಡತಿ ಫೆಲ್ಸಿ ಪೌಡರ್ ಬಡಿಯುತ್ತಾ ಬೈಯುವಳು.

"ಹೋಟೆಲಿನ ಒಳಗೆ ಕೆಲಸ ಕೇಳಿ. ಅಲ್ಲಿ ಎಸಿ ಉಂಟಲ್ಲ?"

"ನೀರಿನ ಮೇಲೆ ಇದ್ದ ಹಾಗೆ ಆಗ್ತದಾ ಮಾರಾಯ್ತಿ?"

ಹಡಗಿನ ಹುಚ್ಚು ಅವನಿಗೆ. ಅದಕ್ಕೇ ಸಂಚಕಾರ ಬಂತು. ತೊಂಬತ್ತೆಂಟರ ಡಿಸೆಂಬರ್. ಮ್ಯಾನೇಜರ್ ಶಾಮಸುಂದರ, ಮೈಸೂರಿನವರು, ಏನೋ ಓದಿಕೊಂಡು ಬಂದರು.

"ಎಡ್ವರ್ಡ್, ಆಗಿನ ನಾವಿಕರು ಕಲ್ಲಿನಂಥ ಬಿಸ್ಕತ್ತು ತಿಂತಿದ್ರಂತೆ ಕಣ್ರೀ. ಮೇಜಿಗೆ ಕುಟ್ಟಿ ಹುಳ ಉದುರಿಸೋರಂತೆ. ಶುಕ್ರವಾರ ಧಣಿ ಅರ್ಬಾಬ್ ಬರ್ತಾರೆ, ಅಂಥದ್ದೇ ಬೇಕು."

"ಹುಳವೂ ಬೇಕಾ ಸಾರ್?"

"ತಮಾಷೆ ಬೇಡ. ಆಗ್ದಿದ್ರೆ ನಿಮ್ಮನ್ನ ಲಾಂಡ್ರಿಗೆ ಹಾಕಿ ಇಲ್ಲಿಗೆ ಬೇರೆಯವರನ್ನ ತರ್ತೀನಿ."

ಎಡ್ವರ್ಡ್ ಮಾಡಿದ. ಮೆತ್ತಗೆ ಬಂತು. ಬೆಣ್ಣೆ ಹಾಕದೆ ಮಾಡಿದ. ಆದರೂ ಬಾಯಲ್ಲಿ ಕರಗಿತು. ಅವನ ಕೈಗುಣವೇ ಹಾಗೆ. ಗುರುವಾರ ಊಟ ಬಿಟ್ಟು ಕೂತ. "ಲಾಂಡ್ರಿಗೆ ಕಿಟಕಿಯೂ ಇಲ್ಲ" ಅಂದ.

ಶುಕ್ರವಾರ ಚರ್ಚಿನಿಂದ ಬಂದು ಫೆಲ್ಸಿ ನೋಡಿದರೆ ತುಕ್ಡಿಯ ಡಬ್ಬ ಇಲ್ಲ. ತುಕ್ಡಿ ಅಂದರೆ ಕ್ರಿಸ್ಮಸ್ಸಿಗೆ ಮೈದಾ ಲಟ್ಟಿಸಿ, ಕತ್ತರಿಸಿ, ಕರಿಯುವುದು. ಹಂಚುವುದಕ್ಕೆ ಸಕ್ಕರೆ ಪಾಕ ಹಿಡಿಸುವಳು. ಎಡ್ವರ್ಡಿಗೆ ಸಕ್ಕರೆ ಕಾಯಿಲೆ, ಅವನ ಪಾಲು ಸಪ್ಪೆ, ಬೇರೆ ಡಬ್ಬ. ಪ್ರತಿ ವರ್ಷ ಆ ಡಬ್ಬ ಖಾಲಿಯಾಗುವುದು. ಅವನಿಗೆ ಇಷ್ಟ ಅಂತ ಅವಳ ಎಣಿಕೆ.

"ನಿಮ್ಮ ಸಪ್ಪೆ ಡಬ್ಬ ಎಲ್ಲಿ?"

"ಚೀಲದಲ್ಲಿ. ಹಡಗಿಗೆ."

"ಅರ್ಬಾಬರಿಗೆ ನನ್ನ ತುಕ್ಡಿಯಾ? ಮೊದಲೇ ಹೇಳಿದ್ದರೆ ಇನ್ನೂ ಒಳ್ಳೆಯದು ಮಾಡ್ತಿದ್ದೆ."

"ಬೇಡ, ಬೇಡ. ಇದೇ ಬೇಕಾದ್ದು."

ಫೆಲ್ಸಿಗೆ ಹೆಮ್ಮೆ. ಮದುವೆಯ ಸೀರೆ ಉಟ್ಟು ತಾನೂ ಹೊರಟಳು. ಹಡಗಿನಲ್ಲಿ ತಲೆ ಸುತ್ತುತ್ತದೆ, ಬರಬೇಡ ಅಂದ ಎಡ್ವರ್ಡ್. ಕೇಳಲಿಲ್ಲ.

ಹಡಗು ನಡುನೀರಿಗೆ ಬಂದಾಗ ಶಾಮಸುಂದರ ಮೈಕು ಹಿಡಿದು ಹಿಂದಿಯಲ್ಲಿ ಶುರುಮಾಡಿದರು. "ಇದು ಮನುಷ್ಯರು ತಿನ್ನುವಂಥದ್ದಲ್ಲ! ಹಲ್ಲು ಹೋದರೆ ನಾವು ಜವಾಬ್ದಾರರಲ್ಲ!" ಅರ್ಬಾಬ್ ಒಂದು ತುಕ್ಡಿ ಕಚ್ಚಿದರು. ಆಗಲಿಲ್ಲ. ಪಿಂಗಾಣಿ ತಟ್ಟೆಗೆ ಕುಟ್ಟಿದರು. ತಟ್ಟೆಯ ಅಂಚು ಹಾರಿತು. ಹೊಟ್ಟೆ ಹಿಡಿದು ನಕ್ಕರು.

"ಖಲಾಸ್, ತೀರ್ಮಾನ ಆಯಿತು! ಈ ಅಡುಗೆಯವನು ಇಲ್ಲೇ ಇರಲಿ."

ಚಪ್ಪಾಳೆಯೋ ಚಪ್ಪಾಳೆ. ಫೆಲ್ಸಿ ಎದ್ದು ಸೀದಾ ಒಲೆಯ ಹತ್ತಿರ ಹೋದಳು. ಎಡ್ವರ್ಡ್ ಉಣ್ಣೆ ಕೋಟಿನಲ್ಲಿ ಬೆವರುತ್ತಾ ನಿಂತಿದ್ದ.

"ಇಷ್ಟು ವರ್ಷ ನನ್ನ ತುಕ್ಡಿ ಎಂತ ಮಾಡಿದಿರಿ?"

"ಚಹಾದಲ್ಲಿ ನೆನೆಸಿದೆ."

"ಎಲ್ಲವನ್ನೂ?"

"ನೆನೆಯದ್ದನ್ನು ಕ್ರೀಕಿಗೆ ಹಾಕಿದೆ."

"ಮೀನು ತಿಂದವಾ?"

"ಗೊತ್ತಿಲ್ಲ ಮಾರಾಯ್ತಿ. ಸೀದಾ ಮುಳುಗ್ತಿತ್ತು."

ಒಂದು ವಾರ ಫೆಲ್ಸಿ ಲಟ್ಟಣಿಗೆ ಮುಟ್ಟಲಿಲ್ಲ. ಆಮೇಲೆ ತಾನೇ ಹಿಟ್ಟು ಕಲಸಿದಳು. ಆಮೇಲೆ ಪ್ರತಿ ವರ್ಷ ಹಡಗಿಗೆ ಡಬ್ಬ ಹೋಯಿತು, ಕೆಲಸಕ್ಕೆ ಎಡ್ವರ್ಡೂ ಹೋದ. ಲಾಂಡ್ರಿಯ ಬಾಗಿಲು ತುಳಿಯಲಿಲ್ಲ. ಸಕ್ಕರೆ ಕಾಯಿಲೆ ಮಾತ್ರ ಬಿಡಲಿಲ್ಲ. ಎರಡು ಸಾವಿರದ ಆರರಲ್ಲಿ ತೀರಿಕೊಂಡ.

ಹಡಗಿನವರು ಕೋಟು ತಂದು ಕೊಟ್ಟರು. ಒಗೆಯಲು ಹೋಗಿ ಫೆಲ್ಸಿ ಜೇಬು ನೋಡಿದಳು. ಒಂದು ತುಕ್ಡಿ. ಒಂದು ಮೂಲೆ ಇರಲಿಲ್ಲ. ಅಲ್ಲಿ ಹಲ್ಲಿನ ಗುರುತು.

"ಕಚ್ಚಿದ್ದೀರಲ್ಲ ಮಾರಾಯ್ರೇ" ಅಂತ ಕೋಟಿಗೆ ಹೇಳಿದಳು.

ಕೋಟು ಒಗೆಯಲಿಲ್ಲ.