ಸವತಿ ಪದಕದ ರಿಂಗು

ಹಿತ್ತಾಳೆ ತಂತಿ ಸುತ್ತಿದ ಬೆರಳುಗಳಿಗೆ ಒಂದು ವಾಸನೆ ಅಂಟಿಕೊಳ್ಳುತ್ತದೆ. ಸೋಪು ಹಾಕಿ ತೊಳೆದರೂ ಹೋಗದು. ಕಾಫಿ ಲೋಟ ತುಟಿಗೆ ತಂದರೆ ಕಾಫಿಗಿಂತ ಮೊದಲು ಅದೇ ಮೂಗಿಗೆ ಬರುತ್ತದೆ. ಇವತ್ತು ಬೆಳಿಗ್ಗೆಯೂ ಬಂತು. ವಾಸನೆಯೊಂದೇ ಬಂದಿದ್ದರೆ ನಿಮ್ಮನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಚೆನ್ನೈನ ಅಣ್ಣಾ ನಗರದ ನಮ್ಮ ಮನೆಯ ಹಾಲಿನಲ್ಲಿ ನಾನು ಭಾನುವಾರದ ಒಡವೆ ಕ್ಲಾಸು ನಡೆಸುತ್ತಿದ್ದೆ. ಒಡವೆಯೆಂದರೆ ಚಿನ್ನವಲ್ಲ, ಗಾಜಿನ ಮಣಿ, ತಂತಿ, ಕೊಂಡಿ, ಕಿವಿಯ ಹುಕ್ಕು. ಬ್ಯಾಂಕಿನಲ್ಲಿದ್ದ ನನ್ನ ಯಜಮಾನರು, “ನಿನ್ನ ಕ್ಲಾಸಲ್ಲಿ ಮಣಿಗಿಂತ ಬೋಂಡಾ ಜಾಸ್ತಿ ಖರ್ಚಾಗತ್ತೆ” ಎಂದು ಛೇಡಿಸುತ್ತಿದ್ದರು. ಸುಳ್ಳೇನಲ್ಲ. ಆದರೆ ತಂತಿಯ ವಿಷಯಕ್ಕೆ ಬಂದರೆ ನಾನು ಚಂಡಿ. ತಾಮ್ರ ಹೇಳಿದ ಹಾಗೆ ಕೇಳುತ್ತದೆ, ಭಾರ ಬಿದ್ದರೆ ಬಾಯಿ ಬಿಡುತ್ತದೆ. ಹಿತ್ತಾಳೆಗೆ ಸ್ವಲ್ಪ ಬಿಗುಮಾನ. ಸ್ಟೀಲು ಬಗ್ಗುವಷ್ಟರಲ್ಲಿ ನಮ್ಮ ಬೆರಳೇ ಬಗ್ಗಿರುತ್ತದೆ.

ಪದಕವನ್ನು ಸರಕ್ಕೆ ಸೇರಿಸಲು ಒಂದು ಸೀಳುಬಾಯಿಯ ಪುಟ್ಟ ಬಳೆ ಇರುತ್ತದಲ್ಲ, ಅಂಗಡಿಯವರು ರಿಂಗು ಎನ್ನುತ್ತಾರೆ. ಅದನ್ನು ಅಗಲಿಸಿ ತೆರೆಯಬಾರದು. ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ನಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಬೇಕು. ಎಳೆದಾಟದಲ್ಲಿ ಬಿಚ್ಚಿದ ರಿಂಗು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಲಿತವರು ಬಿಚ್ಚಿದ್ದು ಗುಂಡಗೇ ಉಳಿಯುತ್ತದೆ. ಬಲಗೈಯವರಾದ ನಾವೆಲ್ಲ ಬಲತುದಿಯನ್ನು ನಮ್ಮ ಕಡೆ ಎಳೆದುಕೊಳ್ಳುತ್ತೇವೆ. ಮಣಲಿಯಿಂದ ಬರುತ್ತಿದ್ದ ವಿಮಲಾ ಒಬ್ಬಳೇ ಎಡತುದಿಯನ್ನು ಎಳೆಯುತ್ತಿದ್ದಳು. “ಟೀಚರ್, ನನ್ ಕೈ ರಿವರ್ಸು. ಪರವಾಯಿಲ್ಲಿಯಾ?” ಎಂದು ಮೊದಲ ದಿನವೇ ಕೇಳಿದ್ದಳು. ಚೆನ್ನೈನಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡಕ್ಕೆ ತಮಿಳಿನ ಒಗ್ಗರಣೆ. ಅವಳು ಮುಚ್ಚಿದ ರಿಂಗಿನಲ್ಲಿ ಸೀಳು ಎಲ್ಲಿತ್ತೆಂದು ನನಗೂ ಕಾಣುತ್ತಿರಲಿಲ್ಲ. ಮದುವೆಯಾದ ಮೇಲೆ ಬರುವುದು ನಿಂತಿತು. ಯಾವುದೋ ಜ್ವರದಲ್ಲಿ ಹೋಗಿಬಿಟ್ಟಳೆಂದು ಎಷ್ಟೋ ದಿನಗಳ ನಂತರ ಯಾರೋ ಫೋನಿನಲ್ಲಿ ಹೇಳಿದರು. ನಾನು ಅಯ್ಯೋ ಪಾಪ ಎಂದವಳೇ ಹಾಲು ಉಕ್ಕುತ್ತಿದೆಯೆಂದು ಒಳಗೆ ಓಡಿದೆ.

ಒಂದೆರಡು ವರ್ಷ ಕಳೆದಿರಬೇಕು. ಗದಗದ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದ ಶೈಲಾ ಎಂಬ ಹುಡುಗಿ ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ಉಗುರಗಲದ ಬೆಳ್ಳಿ ತಗಡು, ಅದರ ಮೇಲೆ ಒಂದು ಹೆಣ್ಣಿನ ಅಚ್ಚು. ನಮ್ಮ ಕೆಲವು ಮನೆಗಳಲ್ಲಿ ಎರಡನೆಯ ಹೆಂಡತಿ ಇಂಥದ್ದನ್ನು ಕೊರಳಲ್ಲಿ ಧರಿಸುತ್ತಾಳೆ. ತೀರಿಕೊಂಡ ಮೊದಲನೆಯವಳು ಮುನಿಯದಿರಲಿ ಎಂದು. ಸವತಿ ಪದಕ ಎನ್ನುತ್ತಾರೆ. “ಇದನ್ನ ಕರಿಮಣಿ ಸರದಾಗ ಕೂಡಿಸಿಕೊಡ್ರಿ ಆಂಟಿ” ಎಂದಳು. ತಾಮ್ರದ ರಿಂಗು ಹಾಕಿ ಕೊಟ್ಟೆ.

ವಾರದಲ್ಲೇ ವಾಪಸು ಬಂದಳು. “ಬಿಚ್ಚೈತ್ರಿ. ಮುಂಜಾನೆ ಏಳೂದ್ರಾಗ ಸರ ಕೊರಳಾಗೇ ಇರ್ತೈತಿ, ಪದಕ ಮಾತ್ರ ಕನ್ನಡಿ ಮುಂದ ಇರ್ತೈತಿ.” ತಾಮ್ರದ ಮೆತುವನ್ನು ಬೈದು ಹಿತ್ತಾಳೆ ಹಾಕಿದೆ. ಅದೂ ಬಿಚ್ಚಿತು. ನನ್ನ ಮರ್ಯಾದೆಯ ಪ್ರಶ್ನೆಯೆಂದು ಬೆರಳು ನೋಯಿಸಿಕೊಂಡು ಸ್ಟೀಲು ಹಾಕಿದೆ. ಮುಂದಿನ ಸಲ ಬಾಯಿ ಬಿಟ್ಟ ಆ ಸ್ಟೀಲು ರಿಂಗನ್ನೇ ತಂದು ಶೈಲಾ ಕುರ್ಚಿಯಲ್ಲಿ ಕುಸಿದು ಕುಳಿತಳು.

“ನನಗೀಗ ದಿನ ನಿಂತಾವ್ರಿ. ಹಿರೀಕಿ ಒಪ್ಪಿಲ್ಲ, ಅದಕ್ಕ ಬಿಚ್ಚಿ ಇಡ್ತಾಳ ಅಂತಾರ ನಮ್ಮತ್ತಿ. ಆಕಿ ಒಪ್ಪದಿದ್ರ ಕೂಸು ಉಳಿಯೂದಿಲ್ಲಂತ. ಬೆಂಕೀಲೆ ಬೆಸೆದು ಬಿಡ್ರಿ ಆಂಟಿ, ಯಾರಿಗೂ ಬಿಚ್ಚಾಕ ಬರಬಾರದು.”

ಅವಳ ಭಯ ನೋಡಿ ನನಗೆ ಸಂಕಟವಾಯಿತು. ಸಮಾಧಾನ ಹೇಳಲೆಂದೇ ರಿಂಗನ್ನು ಬೆಳಕಿಗೆ ಹಿಡಿದೆ. ಗುಂಡಗಿತ್ತು. ಎಡತುದಿ ನನ್ನ ಕಡೆಗಿತ್ತು. ಹಿಂದುಮುಂದು ತಿರುಗಿಸಿದೆ, ಸೀಳು ಮೇಲಿದ್ದರೆ ಯಾವ ಕಡೆಯಿಂದ ನೋಡಿದರೂ ಅದು ಬದಲಾಗುವುದಿಲ್ಲ.

“ನಿಮ್ಮನೇಲಿ ಎಡಚರು ಯಾರಮ್ಮ?”

“ಯಾರೂ ಇಲ್ರಿ.”

“ಮನೆ ಎಲ್ಲಿ?”

“ಮಣಲಿ. ಹಿರೀಕಿ ಹೆಸರು ವಿಮಲಾ ಅಂತ. ಆಕಿನೂ ಮಣಿ ಕೆಲಸ ಕಲ್ತಿದ್ಲಂತ.”

ರಿಂಗನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಮಣಲಿಯ ಕಾರ್ಖಾನೆ ಗಾಳಿಗೆ ಬೆಳ್ಳಿ ಕಪ್ಪಾಗುತ್ತದೆ, ಒಪ್ಪಿದೆ. ಆದರೆ ಗಾಳಿ ಇಕ್ಕಳ ಹಿಡಿಯುವುದಿಲ್ಲ.

ಬೆಂಕಿಯೆಂದರೆ ನನಗೆ ಮೊದಲೇ ಪುಕ್ಕಲು. ಏನೋ ಒಂದು ಮಾಡಬೇಕಲ್ಲ ಎಂದು ಎರಡು ಇಕ್ಕಳವನ್ನು ಅವಳ ಮುಂದಿಟ್ಟೆ. “ಬಸುರಿ ಹೆಂಗಸು ಇಷ್ಟು ದೂರ ಬಸ್ಸಲ್ಲಿ ಬರಬೇಡ. ನೀನೇ ಹಾಕೋದು ಕಲಿ.” “ನಂಗೆಲ್ಲಿ ಬರ್ತೈತ್ರಿ” ಎನ್ನುತ್ತಲೇ ಶೈಲಾ ಅವನ್ನು ಎತ್ತಿಕೊಂಡಳು. ರಿಂಗನ್ನು ಹಿಡಿದಳು. ಎಡಗೈ ಮುಂದೆ ಬಂತು. ಮಣಿಕಟ್ಟಿನ ಒಂದೇ ತಿರುವಿಗೆ ಬಾಯಿ ಇನ್ನಷ್ಟು ತೆರೆಯಿತು. ಪದಕವನ್ನೂ ಸರವನ್ನೂ ಅದರೊಳಗೆ ತೂರಿಸಿ ಅವಳ ಕೈ ನಿಂತಿತು. ಕಣ್ಣು ಮಾತ್ರ ಕಿಟಕಿಯಾಚೆ ಇತ್ತು. ಕೈ ಕಾಯುತ್ತಿತ್ತು.

ಎದ್ದು ಓಡಿಬಿಡೋಣ ಅನ್ನಿಸಿತು. ಆದರೆ ಎಷ್ಟಾದರೂ ಮೇಷ್ಟರ ಜಾತಿ, ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಬಾಯಿ ಸುಮ್ಮನಿರದು.

“ವಿಮಲಾ,” ಎಂದೆ, “ಈ ಹುಡುಗಿ ತುಂಬ ಹೆದರಿದ್ದಾಳೆ. ಮುಚ್ಚಮ್ಮ.”

ಎಡಗೈ ಹಿಂದಕ್ಕೆ ತಿರುಗಿತು. ಟಿಕ್ ಎಂದಿತು. ಶೈಲಾ ಕಿಟಕಿಯಿಂದ ಮುಖ ತಿರುಗಿಸಿ, “ಮುಗೀತೇನ್ರಿ? ನೀವೇ ಹಾಕಿದ್ರಿ?” ಎಂದಳು. ಹೂಂ ಎಂದೆ. ರಿಂಗನ್ನು ಎಷ್ಟು ತಿರುಗಿಸಿದರೂ ಸೀಳು ಸಿಗಲಿಲ್ಲ.

ಆಮೇಲೆ ಅದು ಬಿಚ್ಚಲಿಲ್ಲ. ಹೆಣ್ಣು ಮಗುವಾಯಿತು. ಆ ಮಗು ಈಗ ಅಮ್ಮನ ಹೆಗಲು ಮುಟ್ಟುತ್ತಾಳೆ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುತ್ತಾಳೆ. ಇವತ್ತು ಮಧ್ಯಾಹ್ನ ಅವಳ ಓಲೆ ಸರಿಮಾಡಿಸಲು ಇಬ್ಬರೂ ಬಂದಿದ್ದರು. ನನಗೇನು ಬಂದಿತ್ತೋ, ಇಕ್ಕಳಗಳನ್ನು ಶೈಲಾಳ ಕಡೆ ಸರಿಸಿ, “ನೀನೇ ಹಾಕು ನೋಡೋಣ” ಎಂದೆ. ಅವಳು ಒಂದನ್ನು ಬಲಗೈಯಲ್ಲಿ, ಒಲೆಯಿಂದ ಪಾತ್ರೆ ಇಳಿಸುವವಳಂತೆ ಹಿಡಿದಳು. ರಿಂಗು ಚಿಮ್ಮಿ ಸೋಫಾದಡಿ ಸೇರಿತು. ತಾಯಿ ಮಗಳು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಶೈಲಾಳ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಇಷ್ಟು ವರ್ಷ ಅವಳು ಬಂದಾಗಲೆಲ್ಲ ಆ ಕೈಗೆ ಹೆದರುತ್ತಿದ್ದೆ. ಇವತ್ತು ಅದರಲ್ಲಿ ಯಾರೂ ಇರಲಿಲ್ಲ. ಅವರು ಹೊರಟ ಮೇಲೆ ರಿಂಗು ಹುಡುಕಲು ಸೋಫಾದಡಿ ಬಗ್ಗಿದವಳು, ಅಲ್ಲೇ ನೆಲದ ಮೇಲೆ ಕುಳಿತು ವಿಮಲಾಳಿಗಾಗಿ ಮೊದಲ ಸಲ ಅತ್ತೆ.